ಅಟಲ್ಸ್‌ಫರ್ಡ್ ಚುನಾವಣೆ: ಮತ ಗೆದ್ದಿತು, ಬಿಲ್ಲೂ ಬಂತು

ಇಂಗ್ಲೆಂಡಿನಲ್ಲಿ ಮತ ಹಾಕಬೇಕಾದರೆ ಬ್ರಿಟಿಷ್ ಪೌರರೇ ಆಗಿರಬೇಕು ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಹಾಗೇನಿಲ್ಲ. ಕಾಮನ್‌ವೆಲ್ತ್ ದೇಶದ ಪೌರರು ವೀಸಾದ ಮೇಲೆ ಅಲ್ಲಿ ಕಾನೂನುಬದ್ಧವಾಗಿ ವಾಸವಾಗಿದ್ದು, ಹದಿನೆಂಟು ವರ್ಷ ತುಂಬಿದ್ದರೆ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು. ಕೌನ್ಸಿಲ್ ಚುನಾವಣೆಗೂ ಮತ ಹಾಕಬಹುದು, ಪಾರ್ಲಿಮೆಂಟ್ ಚುನಾವಣೆಗೂ ಹಾಕಬಹುದು. ಭಾರತವೂ ಕಾಮನ್‌ವೆಲ್ತ್‌ನಲ್ಲಿದೆ. ಅಂದರೆ ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿಯೊಬ್ಬರು ಅಲ್ಲಿ ಎಂ.ಎಸ್ಸಿ. ಓದಲು ಹೋದರೆ ಅವರಿಗೂ ಈ ಹಕ್ಕಿದೆ.

ನನಗೆ ಇದು ಗೊತ್ತಾದದ್ದು ಖಾಲಾ ಅವರಿಂದ, ಅಂದರೆ ಅಮ್ಮಿಯ ತಂಗಿಯಿಂದ. ಖಾಲೂ ಲಂಡನ್ನಿನ ಈಶಾನ್ಯಕ್ಕಿರುವ ಸ್ಟಾನ್‌ಸ್ಟೆಡ್ ವಿಮಾನ ನಿಲ್ದಾಣದಲ್ಲಿ ವಿಮಾನ ರಿಪೇರಿಯ ಕೆಲಸದಲ್ಲಿದ್ದಾರೆ. ಇಬ್ಬರೂ ತಮ್ಮ ತಮ್ಮ ಹೆಸರನ್ನು ಬೇರೆ ಬೇರೆಯಾಗಿ ನೋಂದಾಯಿಸಿದ್ದರಂತೆ, ಅಷ್ಟೇ. ಆಮೇಲೆ ಅಂಚೆಯಲ್ಲಿ ಪೋಲ್ ಕಾರ್ಡ್ ಬಂದಿತು. ಅವರ ಹಳ್ಳಿಯಲ್ಲಿ ಆಗ ಎಲ್ಲರ ಬಾಯಲ್ಲಿದ್ದ ವಿಷಯ ಒಂದೇ: ಈ ವಿಮಾನ ನಿಲ್ದಾಣ ಇನ್ನೂ ಬೆಳೆಯಬೇಕೋ ಬೇಡವೋ. ನೆರೆಮನೆಯವರಿಗೆ ಅದು ನಿದ್ದೆಯ ಪ್ರಶ್ನೆ, ಖಾಲೂಗೆ ಸಂಬಳದ ಪ್ರಶ್ನೆ. ಫೋನಿನಲ್ಲಿ ಇದನ್ನು ಕೇಳಿದ ಮೇಲೆ ಆ ಚುನಾವಣೆಯ ಬಗ್ಗೆ ಓದುತ್ತಾ ಹೋದೆ. ಲೆಕ್ಕಶಾಸ್ತ್ರ ಓದುವವರಿಗೆ ಅದರಲ್ಲಿ ಬಹಳ ಸರಕಿದೆ.

ಆ ಪ್ರದೇಶದ ಹೆಸರು ಅಟಲ್ಸ್‌ಫರ್ಡ್. ಎಸೆಕ್ಸ್ ಕೌಂಟಿಯ ಒಂದು ಜಿಲ್ಲೆ. ಜಿಲ್ಲೆ ಎಂದ ಕೂಡಲೇ ನಮ್ಮ ಜಿಲ್ಲೆಗಳನ್ನು ನೆನೆಯಬೇಡಿ. 2021ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ ಸುಮಾರು 91 ಸಾವಿರ. ಹೊಲಗಳು, ಹಳ್ಳಿಗಳು, ನಡುವೆ ಗ್ರೇಟ್ ಡನ್ಮೋ, ಥ್ಯಾಕ್ಸ್‌ಟೆಡ್, ಸ್ಟಾನ್‌ಸ್ಟೆಡ್ ಮೌಂಟ್‌ಫಿಚೆಟ್ ಎಂಬ ಊರುಗಳು. ಎಲ್ಲಕ್ಕಿಂತ ದೊಡ್ಡದು ಸ್ಯಾಫ್ರನ್ ವಾಲ್ಡನ್, ಕೌನ್ಸಿಲ್ ಕಚೇರಿ ಇರುವುದೂ ಅಲ್ಲೇ. ಹದಿನಾರು ಹದಿನೇಳನೇ ಶತಮಾನದಲ್ಲಿ ಸುತ್ತಲಿನ ಹೊಲಗಳಲ್ಲಿ ಕೇಸರಿ ಬೆಳೆಯುತ್ತಿದ್ದುದರಿಂದ ಊರಿಗೆ ಆ ಹೆಸರು. ನಮ್ಮ ಮನೆಯಲ್ಲಿ ಬಿರಿಯಾನಿಗೆ ಹಾಕುವ ಜಾಫ್ರಾನ್ ಇದೆಯಲ್ಲ, ಇಂಗ್ಲಿಷಿನ ಸ್ಯಾಫ್ರನ್ ಎಂಬ ಮಾತೂ ಅದೇ ಅರಬ್ಬಿ ಮೂಲದಿಂದ ಹೋದದ್ದು. ಇದನ್ನು ಹೇಳಿದಾಗ ಅಮ್ಮಿಗೆ ಚುನಾವಣೆಗಿಂತ ಇದೇ ಹೆಚ್ಚು ಇಷ್ಟವಾಯಿತು.

ಆ ಭಾಗದಲ್ಲಿ ಸ್ಥಳೀಯ ಆಡಳಿತಕ್ಕೆ ಮೂರು ಮೆಟ್ಟಿಲು. ಮೇಲೆ ಎಸೆಕ್ಸ್ ಕೌಂಟಿ ಕೌನ್ಸಿಲ್: ಶಾಲೆ, ರಸ್ತೆ, ಗ್ರಂಥಾಲಯ, ವೃದ್ಧರ ಆರೈಕೆ ಅದರ ಪಾಲು. ಕೆಳಗೆ ಹಳ್ಳಿಗಳ ಪ್ಯಾರಿಷ್ ಕೌನ್ಸಿಲ್, ಪಟ್ಟಣಗಳ ಟೌನ್ ಕೌನ್ಸಿಲ್. ನಡುವೆ ಇರುವುದು ಜಿಲ್ಲಾ ಕೌನ್ಸಿಲ್. ಕಸ ಎತ್ತುವುದು, ಕೌನ್ಸಿಲ್ ಮನೆಗಳನ್ನು ಬಾಡಿಗೆಗೆ ಕೊಡುವುದು, ಅಂಗಡಿ ಹೋಟೆಲುಗಳಿಗೆ ಲೈಸೆನ್ಸ್ ಕೊಡುವುದು ಇದರ ಕೆಲಸ. ಇವೆಲ್ಲಕ್ಕಿಂತ ಮುಖ್ಯವಾದದ್ದು, ಯಾವ ಜಮೀನಿನಲ್ಲಿ ಏನು ಕಟ್ಟಬಹುದು ಎಂದು ತೀರ್ಮಾನಿಸುವುದು. ಅನುಮತಿ ಸಿಕ್ಕ ಹೊಲದ ಬೆಲೆ ಒಂದೇ ದಿನದಲ್ಲಿ ಎಷ್ಟೋ ಪಟ್ಟು ಏರುತ್ತದೆ. ಆದ್ದರಿಂದ ಜಗಳಗಳೆಲ್ಲ ಅಲ್ಲೇ.

ಹಣದ ಲೆಕ್ಕ ಇನ್ನೂ ಸ್ವಾರಸ್ಯ. ಕೌನ್ಸಿಲ್ ತೆರಿಗೆಯ ಬಿಲ್ ಮನೆಗೆ ಕಳಿಸುವುದು ಜಿಲ್ಲಾ ಕೌನ್ಸಿಲ್, ವಸೂಲಿ ಮಾಡುವುದೂ ಅದೇ. ಆದರೆ ಆ ಹಣದಲ್ಲಿ ದೊಡ್ಡ ಪಾಲು ಕೌಂಟಿಗೆ ಹೋಗುತ್ತದೆ, ಇನ್ನೊಂದು ಪಾಲು ಪೊಲೀಸ್ ಮತ್ತು ಅಗ್ನಿಶಾಮಕ ದಳಕ್ಕೆ, ಚೂರು ಪ್ಯಾರಿಷ್‌ಗೆ. ಬೈಸಿಕೊಳ್ಳುವುದು ಮಾತ್ರ ಬಿಲ್ ಕಳಿಸಿದವರೇ. ಮನೆಗಳನ್ನು ಎ ಯಿಂದ ಎಚ್ ವರೆಗೆ ಎಂಟು ದರ್ಜೆಗಳಲ್ಲಿ ಇಟ್ಟಿದ್ದಾರೆ. ದರ್ಜೆ ನಿಗದಿಯಾಗುವುದು 1991ರಲ್ಲಿ ಆ ಮನೆಗೆ ಎಷ್ಟು ಬೆಲೆ ಬರುತ್ತಿತ್ತು ಎಂಬುದರ ಮೇಲೆ, ಇವತ್ತಿಗೂ! ಎಚ್ ದರ್ಜೆಯ ದೊಡ್ಡ ಬಂಗಲೆಯವರು ಕಟ್ಟುವುದು ಎ ದರ್ಜೆಯ ಪುಟ್ಟ ಮನೆಯವರ ಮೂರು ಪಟ್ಟು ಮಾತ್ರ. ಎರಡು ಮನೆಗಳ ಬೆಲೆಯಲ್ಲಿ ಹತ್ತು ಪಟ್ಟು ಅಂತರವಿದ್ದರೂ ಅಷ್ಟೇ. ಇದು ನ್ಯಾಯವೆಂದು ನನಗೆ ಅನಿಸುವುದಿಲ್ಲ, ಆದರೆ ಇದನ್ನು ಬದಲಿಸುವ ಅಧಿಕಾರ ಜಿಲ್ಲೆಗೆ ಇಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅಟಲ್ಸ್‌ಫರ್ಡ್‌ನಲ್ಲಿ 39 ಸದಸ್ಯರು. ನಾಲ್ಕು ವರ್ಷಕ್ಕೊಮ್ಮೆ, ಮೇ ತಿಂಗಳ ಮೊದಲ ಗುರುವಾರ ಎಲ್ಲ ಸ್ಥಾನಗಳಿಗೂ ಒಟ್ಟಿಗೆ ಚುನಾವಣೆ. ಒಂದು ವಾರ್ಡಿನಿಂದ ಒಬ್ಬರು, ಇಬ್ಬರು ಅಥವಾ ಮೂವರು ಆಯ್ಕೆಯಾಗುತ್ತಾರೆ. ಎಷ್ಟು ಸ್ಥಾನವೋ ಅಷ್ಟು ಮತ. ಠೇವಣಿ ಇಡಬೇಕಿಲ್ಲ. ಈಗ ನಾಮಪತ್ರಕ್ಕೆ ವಾರ್ಡಿನ ಇಬ್ಬರು ಮತದಾರರ ಸಹಿ ಸಾಕು. ಹದಿನೆಂಟು ತುಂಬಿದರೆ ನಿಲ್ಲಲೂಬಹುದು. ಗೆದ್ದವರಿಗೆ ಸಂಬಳವಿಲ್ಲ, ಭತ್ಯೆ ಇದೆ. ಖರ್ಚಿಗೂ ಮಿತಿಯಿದೆ: 2019ರಲ್ಲಿ ಒಬ್ಬ ಅಭ್ಯರ್ಥಿ 740 ಪೌಂಡ್, ಜೊತೆಗೆ ಪ್ರತಿ ಮತದಾರನಿಗೆ 6 ಪೆನ್ನಿ ಖರ್ಚು ಮಾಡಬಹುದಿತ್ತು. ನಾಲ್ಕು ಸಾವಿರ ಮತದಾರರ ವಾರ್ಡ್ ಎಂದಿಟ್ಟುಕೊಳ್ಳಿ, ಒಟ್ಟು 980 ಪೌಂಡ್. ಕರಪತ್ರ ಅಚ್ಚು ಹಾಕಿಸಿ ಮನೆ ಮನೆಗೆ ಹಂಚುವುದರಲ್ಲೇ ಅದು ಮುಗಿಯುತ್ತದೆ. ಸಭೆ, ಮೆರವಣಿಗೆ, ಊಟ ಇಲ್ಲ. ಅಭ್ಯರ್ಥಿಯೇ ಬಂದು ಬಾಗಿಲು ತಟ್ಟಿ, ಚರಂಡಿ ಹೇಗಿದೆ, ಬಸ್ಸು ಬರುತ್ತಿದೆಯಾ ಎಂದು ಕೇಳುತ್ತಾರೆ.

ಚುನಾವಣೆ ಘೋಷಣೆಯಾದ ಮೇಲೆ ಕೌನ್ಸಿಲ್ ಕಚೇರಿ ತನ್ನ ಸಾಧನೆಯ ಪ್ರಚಾರ ಮಾಡುವಂತಿಲ್ಲ. ನಮ್ಮ ನೀತಿ ಸಂಹಿತೆಯ ಹಾಗೆ. ಆ ಅವಧಿಯನ್ನು ಅಲ್ಲಿನ ಅಧಿಕಾರಿಗಳು ಏನೆಂದು ಕರೆಯುತ್ತಾರೆ ಗೊತ್ತೇ? ಪರ್ದಾ. ನಮ್ಮ ಉರ್ದುವಿನ ಪರ್ದಾವೇ. ನಮ್ಮ ದೇಶದಿಂದ ತೆಗೆದುಕೊಂಡು ಹೋದ ಈ ಮಾತನ್ನು ಇಂಗ್ಲಿಷಿನವರು ತಮ್ಮ ಕಚೇರಿಗೇ ಹೊದಿಸಿದ್ದಾರೆ.

ಮತಗಟ್ಟೆ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ. ಹಳ್ಳಿಯ ಸಮುದಾಯ ಭವನ, ಶಾಲೆ, ಚರ್ಚು, ಕೆಲವೆಡೆ ಪಬ್ ಕೂಡ ಮತಗಟ್ಟೆ. ಮತಯಂತ್ರವಿಲ್ಲ. ಕಾಗದದ ಮೇಲೆ, ದಾರ ಕಟ್ಟಿಟ್ಟ ಪೆನ್ಸಿಲಿನಿಂದ, ಹೆಸರಿನ ಮುಂದೆ ಗುಣಾಕಾರದ ಚಿಹ್ನೆ ಹಾಕಬೇಕು. ಎಣಿಕೆಯೂ ಕೈಯಲ್ಲೇ. ಮತ ಸಮವಾದರೆ ಚೀಟಿ ಎತ್ತುತ್ತಾರೆ. 2017ರಲ್ಲಿ ಉತ್ತರದ ನಾರ್ತಂಬರ್‌ಲ್ಯಾಂಡ್ ಕೌಂಟಿಯ ಒಂದು ವಾರ್ಡಿನಲ್ಲಿ ಹೀಗೆ ಸಮವಾಗಿ, ಕಡ್ಡಿ ಎಳೆದು ತೀರ್ಮಾನ ಮಾಡಿದರು. ಆ ಒಂದು ಕಡ್ಡಿಯಿಂದ ಕನ್ಸರ್ವೇಟಿವ್ ಪಕ್ಷ 67ರಲ್ಲಿ 33ಕ್ಕೆ ನಿಂತು, ಬಹುಮತ ಒಂದೇ ಸ್ಥಾನದಲ್ಲಿ ತಪ್ಪಿತು.

ಹಿಂದೆ ಗುರುತಿನ ಚೀಟಿ ಬೇಕಿರಲಿಲ್ಲ, ಹೆಸರು ವಿಳಾಸ ಹೇಳಿದರೆ ಸಾಕಿತ್ತು. 2023ರ ಮೇ ಚುನಾವಣೆಯಿಂದ ಫೋಟೊ ಇರುವ ಗುರುತಿನ ಚೀಟಿ ಕಡ್ಡಾಯವಾಯಿತು. ವೃದ್ಧರ ಬಸ್ ಪಾಸ್ ನಡೆಯುತ್ತದೆ, ವಿದ್ಯಾರ್ಥಿಗಳ ಐಡಿ ಕಾರ್ಡ್ ನಡೆಯುವುದಿಲ್ಲ ಎಂದು ಪಟ್ಟಿ ಮಾಡಿದರು. ಇದಕ್ಕೆ ಕಾರಣ ಏನೇ ಹೇಳಲಿ, ವಿದ್ಯಾರ್ಥಿಯಾದ ನನಗೆ ಅದು ಒಪ್ಪಿಗೆಯಾಗಲಿಲ್ಲ. ಆ ವರ್ಷ ಕನಿಷ್ಠ 14 ಸಾವಿರ ಮಂದಿ ಚೀಟಿ ಇಲ್ಲದೆ ಮತ ಹಾಕದೇ ಹಿಂತಿರುಗಿದರೆಂದು ಅಲ್ಲಿನ ಚುನಾವಣಾ ಆಯೋಗವೇ ಲೆಕ್ಕ ಕೊಟ್ಟಿತು. ಭಾರತದ ಪಾಸ್‌ಪೋರ್ಟ್ ಮಾತ್ರ ನಡೆಯುತ್ತದೆ, ಕಾಮನ್‌ವೆಲ್ತ್ ದೇಶದ್ದಾದ್ದರಿಂದ. ಖಾಲಾ ಅದನ್ನೇ ತೋರಿಸಿ ಮತ ಹಾಕಿದರು.

ಇನ್ನು ವಿಮಾನ ನಿಲ್ದಾಣದ ಕಥೆ. ಸ್ಟಾನ್‌ಸ್ಟೆಡ್‌ನಲ್ಲಿ ಇರುವುದು ಒಂದೇ ರನ್‌ವೇ. ವರ್ಷಕ್ಕೆ 3.5 ಕೋಟಿ ಪ್ರಯಾಣಿಕರು ಎಂಬ ಮಿತಿ ಇತ್ತು. ಅದನ್ನು 4.3 ಕೋಟಿಗೆ ಏರಿಸಬೇಕೆಂದು ನಿಲ್ದಾಣದವರು 2018ರಲ್ಲಿ ಜಿಲ್ಲಾ ಕೌನ್ಸಿಲ್‌ಗೆ ಅರ್ಜಿ ಹಾಕಿದರು. ವಿಮಾನಗಳ ಹಾರಾಟದ ಮಿತಿ ವರ್ಷಕ್ಕೆ 2.74 ಲಕ್ಷ, ಅದು ಹಾಗೇ ಇರಲಿ, ದೊಡ್ಡ ವಿಮಾನದಲ್ಲಿ ಹೆಚ್ಚು ಜನ ಬರುತ್ತಾರೆ ಎಂಬುದು ಅವರ ವಾದ. ಮಿತಿ ಎಷ್ಟೇ ಇರಲಿ, ನಿಜವಾಗಿ ಹಾರುವ ವಿಮಾನಗಳು ಹೆಚ್ಚಾಗುತ್ತವೆ, ಸದ್ದು, ಹೊಗೆ, ರಸ್ತೆಯಲ್ಲಿ ಕಾರುಗಳು ಹೆಚ್ಚಾಗುತ್ತವೆ ಎಂಬುದು ಹಳ್ಳಿಗಳ ವಾದ.

ಇಲ್ಲಿ ಕಾಮರ್ಸ್‌ನವರು ಗಮನಿಸಬೇಕಾದ ಒಂದು ಸಂಗತಿ ಇದೆ. ಈ ನಿಲ್ದಾಣವನ್ನು 2013ರಲ್ಲಿ 150 ಕೋಟಿ ಪೌಂಡ್‌ಗೆ ಕೊಂಡದ್ದು ಮ್ಯಾಂಚೆಸ್ಟರ್ ಏರ್‌ಪೋರ್ಟ್ಸ್ ಗ್ರೂಪ್. ಅದರ ಷೇರುದಾರರು ಯಾರು? ಮ್ಯಾಂಚೆಸ್ಟರ್ ನಗರ ಕೌನ್ಸಿಲ್ ಶೇ. 35.5, ಸುತ್ತಲಿನ ಇನ್ನೂ ಒಂಬತ್ತು ಕೌನ್ಸಿಲ್‌ಗಳು ಸೇರಿ ಶೇ. 29, ಉಳಿದ ಶೇ. 35.5 ಆಸ್ಟ್ರೇಲಿಯಾದ ಒಂದು ಹೂಡಿಕೆ ನಿಧಿ. ಅಂದರೆ ಹಳ್ಳಿಗಾಡಿನ ಒಂದು ಕೌನ್ಸಿಲ್ ಎದುರು ನಿಂತಿದ್ದ ಕಂಪನಿಯ ಬಹುಪಾಲು ಮಾಲೀಕರು ದೂರದ ಹತ್ತು ಕೌನ್ಸಿಲ್‌ಗಳೇ. ಅಟಲ್ಸ್‌ಫರ್ಡ್‌ನವರ ತಲೆಯ ಮೇಲೆ ಹಾರುವ ವಿಮಾನಗಳ ಲಾಭದಲ್ಲಿ ಒಂದು ಪಾಲು ಮ್ಯಾಂಚೆಸ್ಟರ್‌ನವರ ಖಜಾನೆಗೆ. ಕಂಪನಿ ಎಂದರೆ ಖಾಸಗಿ, ಕೌನ್ಸಿಲ್ ಎಂದರೆ ಸಾರ್ವಜನಿಕ ಎಂದು ನಾವು ಬಿಸಿನೆಸ್ ಸ್ಟಡೀಸ್‌ನಲ್ಲಿ ಗೆರೆ ಎಳೆದು ಬರೆಯುತ್ತೇವಲ್ಲ, ಇಲ್ಲಿ ಆ ಗೆರೆ ನಿಲ್ಲುವುದಿಲ್ಲ.

2018ರ ನವೆಂಬರಿನಲ್ಲಿ ಅರ್ಜಿ ಕೌನ್ಸಿಲ್‌ನ ಯೋಜನಾ ಸಮಿತಿಯ ಮುಂದೆ ಬಂತು. ಪರ 5, ವಿರೋಧ 5. ಅಧ್ಯಕ್ಷರು ತಮ್ಮ ಕಾಸ್ಟಿಂಗ್ ವೋಟನ್ನು ಪರವಾಗಿ ಹಾಕಿ ಮಂಜೂರು ಮಾಡಿದರು. ಕಾನೂನಿನ ಪ್ರಕಾರ ಸರಿಯೇ. ಆದರೆ ಊರು ಸರಿಯಾಗಿ ಎರಡು ಭಾಗವಾಗಿದ್ದಾಗ, ಚುನಾವಣೆಗೆ ಆರು ತಿಂಗಳು ಇರುವಾಗ, ಒಬ್ಬರ ಎರಡನೇ ಮತದಿಂದ ಇಷ್ಟು ದೊಡ್ಡ ವಿಷಯ ಮುಗಿಸಿದ್ದು ಜನರಿಗೆ ಹಿಡಿಸಲಿಲ್ಲ. ಅದೇ ಹೊತ್ತಿಗೆ ಜಿಲ್ಲೆಯಲ್ಲಿ ಮೂರು ಹೊಸ ಊರುಗಳನ್ನೇ ಕಟ್ಟುವ ಯೋಜನೆಯೂ ಕೌನ್ಸಿಲ್‌ನ ಕೈಯಲ್ಲಿತ್ತು. ಹೊಲಗಳು ಹೋಗುತ್ತವೆ ಎಂಬ ಸಿಟ್ಟೂ ಸೇರಿತು.

2019ರ ಮೇ 2ರಂದು ಚುನಾವಣೆ. ಅಲ್ಲಿಯವರೆಗೆ ಅಧಿಕಾರದಲ್ಲಿದ್ದ ಕನ್ಸರ್ವೇಟಿವ್ ಪಕ್ಷ 23 ಸ್ಥಾನಗಳಿಂದ 4ಕ್ಕೆ ಕುಸಿಯಿತು. ಗೆದ್ದದ್ದು ಲೇಬರ್ ಅಲ್ಲ, ಬೇರೆ ಯಾವ ರಾಷ್ಟ್ರೀಯ ಪಕ್ಷವೂ ಅಲ್ಲ. ರೆಸಿಡೆಂಟ್ಸ್ ಫಾರ್ ಅಟಲ್ಸ್‌ಫರ್ಡ್ ಎಂಬ, 2014ರಲ್ಲಿ ಊರಿನವರೇ ಕಟ್ಟಿಕೊಂಡ ಪಕ್ಷ: 39ರಲ್ಲಿ 26. ನಿವಾಸಿಗಳ ಪಕ್ಷ ಎನ್ನೋಣ. ಇದು ಪೂರ್ತಿ ವಿಮಾನದ ಗೆಲುವು ಎಂದರೆ ಅತಿಯಾಗುತ್ತದೆ. ಅಂದು ಬ್ರೆಕ್ಸಿಟ್ ವಿಳಂಬದ ಸಿಟ್ಟಿನಿಂದ ಇಂಗ್ಲೆಂಡಿನಾದ್ಯಂತ ಕನ್ಸರ್ವೇಟಿವ್‌ಗಳು 1,300ಕ್ಕೂ ಹೆಚ್ಚು ಕೌನ್ಸಿಲ್ ಸ್ಥಾನ ಕಳೆದುಕೊಂಡಿದ್ದರು. ಆದರೆ ನಾಲ್ಕಕ್ಕೆ ಇಳಿಯಲು ಅದೊಂದೇ ಸಾಲದು. ಅದೇ ವರ್ಷ ಡಿಸೆಂಬರಿನ ಪಾರ್ಲಿಮೆಂಟ್ ಚುನಾವಣೆಯಲ್ಲಿ ಇದೇ ಜನ ಸ್ಯಾಫ್ರನ್ ವಾಲ್ಡನ್ ಕ್ಷೇತ್ರದಿಂದ ಕನ್ಸರ್ವೇಟಿವ್ ಪಕ್ಷದ ಕೆಮಿ ಬೇಡೆನಾಕ್ ಅವರನ್ನು ಭಾರಿ ಅಂತರದಿಂದ ಗೆಲ್ಲಿಸಿ ಕಳಿಸಿದರು. ಅವರೇ ಈಗ ಆ ಪಕ್ಷದ ನಾಯಕಿ. ಮೇ ತಿಂಗಳಲ್ಲಿ ಕೌನ್ಸಿಲ್‌ನಿಂದ ಹೊರಗೆ, ಡಿಸೆಂಬರಿನಲ್ಲಿ ಪಾರ್ಲಿಮೆಂಟಿಗೆ. ದೇಶಕ್ಕೆ ಯಾರು, ಊರಿಗೆ ಯಾರು ಎಂದು ಮತದಾರರು ಬೇರೆ ಬೇರೆ ಲೆಕ್ಕ ಇಟ್ಟಿದ್ದರು.

ಹೊಸ ಕೌನ್ಸಿಲ್ ಹಳೆಯ ನಿರ್ಧಾರವನ್ನು ಮತ್ತೆ ಸಮಿತಿಗೆ ಕಳಿಸಿತು. 2020ರ ಜನವರಿಯಲ್ಲಿ ಅರ್ಜಿ ತಿರಸ್ಕಾರವಾಯಿತು. ಸದ್ದು, ಗಾಳಿಯ ಗುಣಮಟ್ಟ, ಇಂಗಾಲ, ರಸ್ತೆ ಮುಂತಾದ ಸೌಕರ್ಯ ಎಂಬ ಕಾರಣಗಳನ್ನು ಕೊಟ್ಟರು. ಕೌನ್ಸಿಲ್‌ನ ಸ್ವಂತ ಅಧಿಕಾರಿಗಳ ವರದಿ ಮಂಜೂರು ಮಾಡಿ ಎಂದಿತ್ತು. ಸದಸ್ಯರು ಅದನ್ನು ಮೀರಿದರು. ನಿಲ್ದಾಣದವರು ಮೇಲ್ಮನವಿ ಹಾಕಿದರು. ಅಷ್ಟರಲ್ಲಿ ಕೊರೊನಾ. ವಿಮಾನಗಳು ನಿಂತು ನಿಲ್ದಾಣ ಭಣಗುಟ್ಟುತ್ತಿದ್ದ ಕಾಲದಲ್ಲಿ, 4.3 ಕೋಟಿ ಪ್ರಯಾಣಿಕರು ಬಂದರೆ ಸದ್ದು ಎಷ್ಟಾದೀತು ಎಂದು 2021ರ ಆರಂಭದಲ್ಲಿ ಆನ್‌ಲೈನಿನಲ್ಲಿ ವಿಚಾರಣೆ ನಡೆಯಿತು!

2021ರ ಮೇ ತಿಂಗಳಲ್ಲಿ ತೀರ್ಪು ಬಂತು. ಮೂವರು ಇನ್‌ಸ್ಪೆಕ್ಟರ್‌ಗಳು ನಿಲ್ದಾಣದ ಪರವಾಗಿ ತೀರ್ಪು ಕೊಟ್ಟರು. ಅದಕ್ಕಿಂತ ಭಾರವಾದದ್ದು ಇನ್ನೊಂದು ಆದೇಶ. ಇಂಥ ಮೇಲ್ಮನವಿಗಳಲ್ಲಿ ಸಾಮಾನ್ಯವಾಗಿ ಅವರವರ ಖರ್ಚು ಅವರವರದು. ಒಂದು ಕಡೆಯವರು ಅಸಮಂಜಸವಾಗಿ ನಡೆದುಕೊಂಡರೆ ಮಾತ್ರ ಎದುರಿನವರ ಖರ್ಚನ್ನೂ ಹೊರಬೇಕು. ಇಲ್ಲಿ ಕೌನ್ಸಿಲ್ ಹಾಗೆ ನಡೆದುಕೊಂಡಿದೆ ಎಂದು ಹೇಳಿ, ನಿಲ್ದಾಣದ ಪೂರ್ತಿ ಖರ್ಚನ್ನು ಕೌನ್ಸಿಲ್ ಮೇಲೆ ಹಾಕಿದರು. ದೊಡ್ಡ ವಕೀಲರು, ತಜ್ಞರು, ವಾರಗಟ್ಟಲೆ ವಿಚಾರಣೆ, ಎರಡೂ ಕಡೆಯ ಬಿಲ್ಲು. ಎರಡಕ್ಕೂ ಖಾತೆ ಒಂದೇ, ಕೌನ್ಸಿಲ್‌ನದು. ಮೇಲೆ ಹೇಳಿದೆನಲ್ಲ, ವಸೂಲಾದ ತೆರಿಗೆಯಲ್ಲಿ ಜಿಲ್ಲೆಗೆ ಉಳಿಯುವುದೇ ಸಣ್ಣ ಪಾಲು. ಅದರಲ್ಲೇ ಇದೂ ಹೋಗಬೇಕು.

ಹೊಸ ಊರುಗಳ ಯೋಜನೆಯೂ ಬಿದ್ದುಹೋಯಿತು. ಅದನ್ನು ಪರಿಶೀಲಿಸಿದ ಇನ್‌ಸ್ಪೆಕ್ಟರ್‌ಗಳು ದೊಡ್ಡ ಲೋಪಗಳಿವೆ ಎಂದ ಮೇಲೆ 2020ರ ಏಪ್ರಿಲ್‌ನಲ್ಲಿ ಕೌನ್ಸಿಲ್ ಅದನ್ನು ಹಿಂತೆಗೆದುಕೊಂಡಿತು. ವಿರೋಧಿಸಿದ್ದವರಿಗೆ ಖುಷಿಯಾಗಿರಬೇಕು. ಆದರೆ ಅಲ್ಲಿನ ನಿಯಮವೊಂದಿದೆ. ಮುಂದಿನ ಐದು ವರ್ಷಕ್ಕೆ ಬೇಕಾದಷ್ಟು ಮನೆಗಳಿಗೆ ಜಾಗ ತೋರಿಸುವ ಹೊಸ ಯೋಜನೆ ಕೌನ್ಸಿಲ್ ಬಳಿ ಇಲ್ಲದಿದ್ದರೆ, ಬಿಲ್ಡರ್‌ಗಳ ಅರ್ಜಿಯ ಕಡೆಗೇ ತಕ್ಕಡಿ ವಾಲುತ್ತದೆ. ಕೌನ್ಸಿಲ್ ಬೇಡವೆಂದರೂ ಅವರು ಮೇಲ್ಮನವಿಯಲ್ಲಿ ಗೆಲ್ಲುವುದು ಸುಲಭ. ಮೂರು ಕಡೆ ಗುಂಪಾಗಿ ಬರಬೇಕಿದ್ದ ಮನೆಗಳು ಹಳ್ಳಿ ಹಳ್ಳಿಯ ಅಂಚಿನಲ್ಲಿ ಚೆಲ್ಲಾಪಿಲ್ಲಿಯಾಗಿ ಬರುವ ದಾರಿ ತೆರೆಯಿತು. ಒಂದು ಕೌನ್ಸಿಲ್‌ನ ದೊಡ್ಡ ತೀರ್ಮಾನಗಳಲ್ಲಿ ಶೇ. 10ಕ್ಕಿಂತ ಹೆಚ್ಚು ಮೇಲ್ಮನವಿಯಲ್ಲಿ ತಿರುಗಿಬಿದ್ದರೆ ಕೇಂದ್ರ ಸರ್ಕಾರ ಮಧ್ಯೆ ಬರಬಹುದು. 2022ರ ಫೆಬ್ರವರಿಯಲ್ಲಿ ಅಟಲ್ಸ್‌ಫರ್ಡ್ ವಿಷಯದಲ್ಲಿ ಅದೇ ಆಯಿತು. ದೊಡ್ಡ ಯೋಜನೆಗಳವರು ಬೇಕಾದರೆ ಕೌನ್ಸಿಲ್‌ನ ಬಾಗಿಲಿಗೆ ಬರದೇ ನೇರವಾಗಿ ಕೇಂದ್ರದ ಪ್ಲಾನಿಂಗ್ ಇನ್‌ಸ್ಪೆಕ್ಟರೇಟ್‌ಗೆ ಅರ್ಜಿ ಹಾಕಬಹುದು ಎಂದು ಆದೇಶವಾಯಿತು. ಕಟ್ಟಡಗಳ ಮೇಲೆ ಊರಿನವರ ಮಾತು ನಡೆಯಬೇಕು ಎಂದು ಗೆದ್ದವರ ಕೈಯಿಂದಲೇ ಆ ಮಾತು ಅರ್ಧ ಜಾರಿತು.

ಹಾಗಾದರೆ ಮತ ಹಾಕಿ ಏನು ಬಂತು ಎಂದು ನನ್ನ ಗೆಳೆಯನೊಬ್ಬ ಕೇಳಿದ. ನಾನು ಅಷ್ಟು ಬೇಗ ಕೈ ಚೆಲ್ಲಲಾರೆ. ಕೌನ್ಸಿಲ್ ಚುನಾವಣೆ ಕುರ್ಚಿಯಲ್ಲಿ ಕೂರುವವರನ್ನು ಬದಲಿಸುತ್ತದೆ. ಆ ಕುರ್ಚಿಗೆ ಎಷ್ಟು ಅಧಿಕಾರ ಎಂಬುದನ್ನು ಬರೆದಿರುವುದು ಲಂಡನ್ನಿನಲ್ಲಿ. ತೆರಿಗೆ ದರ್ಜೆಯನ್ನು ಮುಟ್ಟಲಾಗದ ಹಾಗೆಯೇ, ರಾಷ್ಟ್ರೀಯ ವಿಮಾನ ನೀತಿಯನ್ನೂ 39 ಮಂದಿ ಮುಟ್ಟಲಾರರು. ಅವರ ಕೈಯಲ್ಲಿದ್ದದ್ದು ಷರತ್ತುಗಳು: ರಾತ್ರಿ ಸದ್ದು ಎಷ್ಟು, ಶಾಲೆಗಳಿಗೆ ಸದ್ದು ತಡೆಯುವ ಕಿಟಕಿಗೆ ಹಣ ಎಷ್ಟು, ಬಸ್ಸಿಗೆ ಎಷ್ಟು. ತಮ್ಮ ಅಧಿಕಾರಿಗಳ ವರದಿಯನ್ನು ಎದುರಿಗಿಟ್ಟುಕೊಂಡು ಅಲ್ಲಿ ಗಟ್ಟಿಯಾಗಿ ಚೌಕಾಸಿ ಮಾಡಿದ್ದರೆ ಕೋರ್ಟು ಕಚೇರಿಯ ಖರ್ಚು ಉಳಿಯುತ್ತಿತ್ತು ಎಂದು ನನ್ನ ಅಭಿಪ್ರಾಯ. ಖಾಲಾ ಒಪ್ಪುವುದಿಲ್ಲ. ರಾತ್ರಿ ಎರಡು ಗಂಟೆಗೆ ಮಗು ಬೆಚ್ಚಿ ಎದ್ದರೆ ಚೌಕಾಸಿ ಯಾರಿಗೆ ಬೇಕು ಬೇಟಾ, ಒಮ್ಮೆ ಬೇಡ ಎಂದು ಗಟ್ಟಿಯಾಗಿ ಹೇಳಬೇಕಿತ್ತು, ಹೇಳಿದರು ಎನ್ನುತ್ತಾರೆ. ಖಾಲೂ ಆಗ ನಕ್ಕು ಸುಮ್ಮನಾಗುತ್ತಾರೆ. ಇಬ್ಬರೂ ಯಾರಿಗೆ ಮತ ಹಾಕಿದರೆಂದು ಒಬ್ಬರಿಗೊಬ್ಬರು ಹೇಳಿಲ್ಲವಂತೆ.

ಅಂದ ಹಾಗೆ ಊರಿನವರ ಅಭಿಪ್ರಾಯ ಖಾಲಾ ಕಡೆಗೇ ಇದ್ದಂತಿದೆ. 2023ರ ಮೇ 4ರಂದು ಮತ್ತೆ ಚುನಾವಣೆ ಬಂದಾಗ ಮೇಲ್ಮನವಿಯ ಖರ್ಚು, ಕೇಂದ್ರದ ಆದೇಶ ಎರಡೂ ವಿರೋಧಿಗಳ ಕರಪತ್ರಕ್ಕೆ ಸಿದ್ಧವಾಗಿದ್ದವು. ಕನ್ಸರ್ವೇಟಿವ್‌ಗಳು 4ರಿಂದ 11ಕ್ಕೆ ಏರಿದರು. ನಿವಾಸಿಗಳ ಪಕ್ಷ 26ರಿಂದ 22ಕ್ಕೆ ಇಳಿದರೂ ಬಹುಮತ ಉಳಿಸಿಕೊಂಡಿತು. ಈ ಸಂಖ್ಯೆಗಳನ್ನು ಎಷ್ಟು ಬಾರಿ ನೋಡಿದರೂ ನನಗೆ ಕುತೂಹಲ ಮುಗಿಯುವುದಿಲ್ಲ. ಬಿಲ್ಲು ಕೈಗೆ ಬಂದ ಮೇಲೂ ಜನ ಅವರನ್ನೇ ಇಟ್ಟುಕೊಂಡರು. ಲೆಕ್ಕದಲ್ಲಿ ನಷ್ಟವೆಂದು ನಾನು ಬರೆದುಕೊಂಡದ್ದನ್ನು ಅವರು ಬೇರೆ ಕಾಲಮ್ಮಿನಲ್ಲಿ ಬರೆದಿರಬೇಕು.

ನಿಲ್ದಾಣ ಈಗ ಮತ್ತೆ ತುಂಬಿ ತುಳುಕುತ್ತಿದೆ. ಖಾಲೂಗೆ ಓವರ್‌ಟೈಮ್ ಇದೆ. ಕೌನ್ಸಿಲ್‌ನ ಕಥೆ ಮಾತ್ರ ಬೇರೆ ತಿರುವು ತೆಗೆದುಕೊಂಡಿದೆ. ಕೌಂಟಿ ಒಂದು, ಜಿಲ್ಲೆ ಒಂದು ಎಂಬ ಎರಡು ಮೆಟ್ಟಿಲು ಬೇಡ, ಎರಡನ್ನೂ ಸೇರಿಸಿ ದೊಡ್ಡ ಕೌನ್ಸಿಲ್‌ಗಳನ್ನು ಮಾಡೋಣ ಎಂದು ಬ್ರಿಟನ್ ಸರ್ಕಾರ 2024ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಮೊದಲ ಸಾಲಿನಲ್ಲೇ ಎಸೆಕ್ಸ್ ಇದೆ. 2025ರ ಮೇ ತಿಂಗಳಲ್ಲಿ ನಡೆಯಬೇಕಿದ್ದ ಎಸೆಕ್ಸ್ ಕೌಂಟಿ ಚುನಾವಣೆಯನ್ನು ಇದಕ್ಕಾಗಿಯೇ ಮುಂದೂಡಿದರು. ಇದೆಲ್ಲ ಮುಗಿದಾಗ ಅಟಲ್ಸ್‌ಫರ್ಡ್ ಜಿಲ್ಲಾ ಕೌನ್ಸಿಲ್ ಎಂಬುದೇ ಇರುವುದಿಲ್ಲ. ಯಾವ ಹಳ್ಳಿಯ ಅಂಚಿನಲ್ಲಿ ಎಷ್ಟು ಮನೆ ಎಂಬುದನ್ನು ಇನ್ನೂ ದೂರದ, ಇನ್ನೂ ದೊಡ್ಡ ಕೌನ್ಸಿಲ್ ತೀರ್ಮಾನಿಸುತ್ತದೆ. ಹಳ್ಳಿಯಲ್ಲಿ ಉಳಿಯುವುದು ಆಟದ ಮೈದಾನ, ಬೆಂಚು, ಬಸ್ ನಿಲ್ದಾಣದ ಸೂರು ನೋಡಿಕೊಳ್ಳುವ ಪ್ಯಾರಿಷ್ ಕೌನ್ಸಿಲ್ ಮಾತ್ರ.